ಅರ್ಧ ಗಂಟೆ ಸ್ಲಾಟು, ತಲೆಕೆಳಗಾದ ಮೆಡೂಸಾ

ಟೂರ್ ಮ್ಯಾನೇಜರ್‌ಗೆ ಪಾಸ್‌ಪೋರ್ಟ್ ಕಳೆದ್ರೂ ಅಷ್ಟು ಬೆವರು ಬರಲ್ಲ, ಹೆಡ್ ಕೌಂಟಲ್ಲಿ ಒಬ್ರು ಕಮ್ಮಿ ಬಂದ್ರೆ ಬರತ್ತೆ. ಇಸ್ತಾಂಬುಲ್‌ನ ಬೆಸಿಲಿಕಾ ಸಿಸ್ಟರ್ನ್‌ಗೆ ನಮ್ಮ ಆಪ್ಸ್‌ನೋರು, ಅಂದ್ರೆ ಆಫೀಸಲ್ಲಿ ಕೂತು ಟೂರ್ ಪ್ಲಾನ್ ಮಾಡೋರು, ಕೊಡೋದು ಅರ್ಧ ಗಂಟೆ. 6ನೇ ಶತಮಾನದಲ್ಲಿ ಬೈಜಾಂಟೈನ್ ಚಕ್ರವರ್ತಿ ಜಸ್ಟಿನಿಯನ್ ನೆಲದಡಿ ಕಟ್ಟಿಸಿದ ನೀರಿನ ತೊಟ್ಟಿ, 9 ಮೀಟರ್ ಎತ್ತರದ 336 ಕಂಬ, ಅರ್ಧ ಗಂಟೆ! ಐಟಿನರರಿ ಟೈಪ್ ಮಾಡೋರು ಒಂದ್ಸಲನಾದ್ರೂ ಆ ಮೆಟ್ಲು ಇಳಿದಿದ್ರೆ ಸಾಕಿತ್ತು.

ಅವತ್ತು ಕೋಚ್ ಬಸ್ ಹತ್ರ ಎಣಿಸಿದ್ರೆ ರಿಟೈರ್ಡ್ ಎಂಜಿನಿಯರ್ ಸರ್ ಇಲ್ಲ, ನೀರಾವರಿ ಇಲಾಖೇಲಿದ್ದೋರು. ಫೋನ್ ಮಾಡಿದ್ರೆ ಸಿಗ್ತಿಲ್ಲ, ರೋಮಿಂಗ್ ಹಾಕ್ಸಿಲ್ಲ. ಅವರ ಮನೆಯೋರು ಆರಾಮಾಗಿ ಕೂತ್ಕೊಂಡು "ಎಲ್ಲೋ ಕಂಬ ತಟ್ತಾ ನಿಂತಿರ್ತಾರೆ ಬಿಡಪ್ಪಾ" ಅಂದ್ರು. ನಾನು ಕೇಳ್ಬೇಕಲ್ಲ! ವಯಸ್ಸಾದೋರು, ದಾರಿ ತಪ್ಪಿರ್ತಾರೆ ಅಂತ ಟ್ರಾಮ್ ಸ್ಟಾಪು, ಟಾಯ್ಲೆಟ್ಟು, ಮ್ಯಾಗ್ನೆಟ್ ಅಂಗಡಿ ಎಲ್ಲಾ ಸುತ್ತಾಡ್ದೆ, ಇತ್ಲಾಗೆ ಡ್ರೈವರ್ ಪಾರ್ಕಿಂಗ್ ಇಲ್ಲ ಅಂತ ಕೂಗಾಟ, ಅತ್ಲಾಗೆ ಲಂಚ್ ಸ್ಲಾಟ್ ಹೋಗ್ತಿದೆ ಅಂತ ರೆಸ್ಟೋರೆಂಟ್‌ನಿಂದ ಕಾಲ್ ಮೇಲೆ ಕಾಲ್. ಕೊನೆಗೆ ಗೇಟಿನೋನ ಕಾಡಿ ಬೇಡಿ ಒಳಗಿಳಿದೆ.

ಸರ್ ಅಲ್ಲೇ ಇದ್ರು! ಮೈತುಂಬಾ ನವಿಲುಕಣ್ಣಿನ ಥರ ಕೆತ್ತನೆ ಇರೋ ಆ ಒದ್ದೆ ಕಂಬದ ಮುಂದೆ.

"ಬೆಳಗ್ಗೆ ಬೆಯಾಜಿತ್ ಹತ್ರ ಟ್ರಾಮ್ ರೋಡ್ ಪಕ್ಕ ಮುರಿದ ಕಂಬದ ತುಂಡು ಬಿದ್ದಿದ್ವಲ್ಲ ನೋಡಿದ್ರಾ? ಅದೂ ಇದೇ ಕೆತ್ತನೆ" ಅಂದ್ರು. ಹೌದು, ಅವು ಚಕ್ರವರ್ತಿ ಥಿಯೋಡೋಸಿಯಸ್ ಹೆಸರಿನ ಫೋರಂದು, ಅಂದ್ರೆ ಹಳೇ ಊರ ಚೌಕದ್ದು, 4ನೇ ಶತಮಾನದ್ದು. ಅದರ ಪಕ್ಕ ಎಷ್ಟ್ ಸಲ ಗ್ರೂಪ್ ಕರ್ಕೊಂಡು ಓಡಾಡಿದೀನಿ, ಒಂದು ದಿನಾನೂ ಎರಡನ್ನೂ ಸೇರಿಸಿ ನೋಡಿರ್ಲಿಲ್ಲ. ಆಮೇಲೆ ಸರ್ ಕೈ ತೋರಿಸ್ತಾ ಹೋದ್ರು: ಈ ಕಂಬದ ನೆತ್ತೀಲಿ ಎಲೆ ಕೆತ್ತನೆ, ಪಕ್ಕದ್ದು ಬೋಳು, ಆ ಕಡೇದು ಎರಡು ತುಂಡು ಜೋಡಿಸಿದ್ದು. ಎಲ್ಲಾ ಹಳೇ ಕಟ್ಟಡಗಳಿಂದ ತಂದ ಮಾಲು. ಮೂಲೇಲಿ ಕಂಬದಡಿ ಇರೋ ಎರಡು ಮೆಡೂಸಾ ತಲೆ (ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿ), ಒಂದು ಅಡ್ಡ ಇನ್ನೊಂದು ತಲೆಕೆಳಗೆ, ಅವಳ ಕಣ್ಣು ತಾಗಿದ್ರೆ ಕಲ್ಲಾಗ್ತಾರೆ ಅದಕ್ಕೇ ಹಂಗೆ ಇಟ್ರು ಅಂತ ಗೈಡ್‌ಗಳ ಜತೆ ನಾನೂ ಕಥೆ ಹೊಡೀತಿದ್ದೆ. ಸರ್ ನಕ್ಕುಬಿಟ್ರು: "ಕಂಬ ಗಿಡ್ಡ ಆಗಿರತ್ತೆ ಕಣ್ರೀ, ಮೇಸ್ತ್ರಿ ಪ್ಯಾಕಿಂಗ್ ಕೊಟ್ಟಿದಾನೆ. ಯಾವ ಕಡೆ ತಿರುಗಿಸಿದ್ರೆ ಲೆವೆಲ್ ಬರತ್ತೋ ಆ ಕಡೆ. ಅದೂ ನೀರೊಳಗೆ ಮುಳುಗೋ ಕಲ್ಲು, ಮುಖ ಯಾರಿಗೆ ಕಾಣ್ಬೇಕು?"

ಲಂಚ್ ತಣ್ಣಗಾಗಿತ್ತು, ಫೀಡ್‌ಬ್ಯಾಕಲ್ಲಿ ಮೂರು ಫ್ಯಾಮಿಲಿ ಬೈದು ಬರೆದ್ರು. ಆಪ್ಸ್‌ಗೆ ಮೇಲ್ ಹಾಕಿ ಒಂದು ಗಂಟೆ ಕೇಳಿದ್ರೆ "ನೋಟೆಡ್" ಅಂತ ಉತ್ತರ ಬಂತು, ಅಷ್ಟೇ. ಈಗ ನಾನೇ ಗ್ರ್ಯಾಂಡ್ ಬಜಾರಲ್ಲಿ ಇಪ್ಪತ್ತು ನಿಮಿಷ ಕತ್ತರಿಸಿ ಇಲ್ಲಿಗೆ ಹಾಕ್ಕೋತೀನಿ. ಶಾಪಿಂಗ್ ಕಮಿಷನ್ ಹೋಯ್ತು ಅಂತ ಲೋಕಲ್ ಗೈಡ್ ಇನ್ನೂ ಮುಖ ಊದಿಸ್ಕೊಂಡಿದಾನೆ.