ರೈಗ್ರಾಸ್‌ನ ಅನುವಂಶೀಯತೆ: ಡಿಎನ್‌ಎ ರೀಡ್‌ಗಳಿಂದ ಲೆಕ್ಕ ಹಾಕುವಾಗ ಎಲ್ಲಿ ಎಡವುತ್ತೇವೆ

ಇಳುವರಿಯಂಥ ಗುಣದಲ್ಲಿ ಕಾಣುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಎಂಬುದೇ ಅನುವಂಶೀಯತೆ. ಅದನ್ನು ಡಿಎನ್‌ಎ ರೀಡ್‌ಗಳಿಂದ, ಅಂದರೆ ಯಂತ್ರ ಓದಿದ ಡಿಎನ್‌ಎ ತುಣುಕುಗಳಿಂದ, ಲೆಕ್ಕ ಹಾಕಬಹುದು. ಪೆರೆನಿಯಲ್ ರೈಗ್ರಾಸ್ ಎಂಬ ಬಹುವಾರ್ಷಿಕ ಮೇವಿನ ಹುಲ್ಲಿನಲ್ಲಿ ತಳಿ ಎಂದರೆ ಒಂದು ಗಿಡವಲ್ಲ, ಒಂದು ಗುಂಪು. ಒಂದೇ ಚೀಲದ ಬೀಜದಿಂದ ಎದ್ದ ಎರಡು ಸಸಿಗಳು ಅಕ್ಕತಂಗಿಯರಾಗಿರಬಹುದು, ಅವಳಿಗಳಲ್ಲ. ಎಸ್ ಮತ್ತು ಜೆಡ್ ಎಂಬ ಎರಡು ಜೀನ್ ನೆಲೆಗಳು ಸ್ವಪರಾಗಸ್ಪರ್ಶವನ್ನು ತಡೆಯುವುದರಿಂದ, ಭತ್ತ ಅಥವಾ ಗೋಧಿಯಂತೆ ಇದನ್ನು ಶುದ್ಧ ತಳಿ ಮಾಡಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಹೊಲದಲ್ಲಿ ತೂಗುವುದೂ ಒಂಟಿ ಗಿಡವನ್ನಲ್ಲ. ಒಂದು ಕುಟುಂಬದ ಬೀಜವನ್ನು ದಟ್ಟವಾಗಿ ಬಿತ್ತಿದ ತಾಕನ್ನು. ದೂರ ದೂರ ನೆಟ್ಟ ಒಂಟಿ ಗಿಡಗಳ ಇಳುವರಿಗೂ ದಟ್ಟ ಹುಲ್ಲುಹಾಸಿನ ಇಳುವರಿಗೂ ಹೊಂದಾಣಿಕೆ ಕಡಿಮೆ ಎಂಬುದು ಹಳೆಯ ತಲೆನೋವು. ಅಳತೆ ಕುಟುಂಬದ್ದಾದರೆ ಡಿಎನ್‌ಎಯೂ ಕುಟುಂಬದ್ದೇ ಆಗಬೇಕು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಡಿಎಲ್‌ಎಫ್ ಬೀಜ ಕಂಪನಿ ಸೇರಿ ಎಫ್2 (ಎರಡು ಗಿಡಗಳ ಕೂಡಿಕೆಯ ಎರಡನೇ ಪೀಳಿಗೆ) ಕುಟುಂಬಗಳ ಮೇಲೆ ನಡೆಸಿದ ಕೆಲಸದ ತಳಹದಿ ಇದೇ.

ಮೊದಲು ಪಾಲಿನ ಲೆಕ್ಕ. ಸಂಬಂಧವಿಲ್ಲದ ಎರಡು ಗಿಡಗಳನ್ನು ಕೂಡಿಸಿ ಪಡೆದ ಪೂರ್ಣ ಸಹೋದರ ಕುಟುಂಬಗಳಲ್ಲಿ, ಸಂಕಲನಾತ್ಮಕ ತಳಿ ವೇರಿಯನ್ಸ್‌ನ (ಒಂದೊಂದು ಜೀನ್ ರೂಪದ ಪರಿಣಾಮ ಕೂಡಿ ಬರುವ ವ್ಯತ್ಯಾಸದ ಅಳತೆ) ಅರ್ಧ ಕುಟುಂಬಗಳ ನಡುವೆ ಕಾಣುತ್ತದೆ, ಇನ್ನರ್ಧ ಕುಟುಂಬದ ಒಳಗೇ ಉಳಿಯುತ್ತದೆ. ಎಫ್1, ಅಂದರೆ ಮೊದಲ ಪೀಳಿಗೆಯ, ಗಿಡಗಳನ್ನು ತಮ್ಮತಮ್ಮಲ್ಲೇ ಪರಾಗಗೊಳಿಸಿ ಎಫ್2 ಬೀಜ ಮಾಡಿದರೂ ಕುಟುಂಬಗಳ ನಡುವಿನ ಅರ್ಧ ಹಾಗೆಯೇ ಇರುತ್ತದೆ. ತಾಯಿ ಮಾತ್ರ ಗೊತ್ತಿರುವ ಅರ್ಧ ಸಹೋದರ ಕುಟುಂಬಗಳಾದರೆ ನಡುವೆ ಕಾಣುವುದು ಕಾಲು ಭಾಗವಷ್ಟೇ. ‘ಅನುವಂಶೀಯತೆ 0.6’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಗಿಡದ್ದೋ, ತಾಕಿನದ್ದೋ, ಕುಟುಂಬದ ಸರಾಸರಿಯದ್ದೋ?

ಎಲೆ ಕೀಳುವ ಹಂತದಲ್ಲೇ ಅರ್ಧ ಗುಣಮಟ್ಟ ನಿರ್ಧಾರವಾಗಿಬಿಡುತ್ತದೆ. ಹೊಲಕ್ಕೆ ಬಿತ್ತಿದ ಅದೇ ಲಾಟಿನ ಬೀಜದಿಂದ ಕುಟುಂಬಕ್ಕೆ 100ರಷ್ಟು ಸಸಿ ಎಬ್ಬಿಸಿ, ಪ್ರತಿಯೊಂದರಿಂದ ಸಮ ಉದ್ದದ, ಸುಮಾರು 1 ಸೆಂ.ಮೀ. ಎಲೆ ತುಂಡು ಸೇರಿಸಿ ಒಟ್ಟಿಗೆ ಅರೆಯುವುದು ಸರಿಯಾದ ದಾರಿ. ಮೂರು ವರ್ಷ ಹಳೆಯ ತಾಕಿನಿಂದ ಎಲೆ ತಂದರೆ, ಚಳಿಗೂ ರೋಗಕ್ಕೂ ಸತ್ತುಹೋದ ಗಿಡಗಳು ಲೆಕ್ಕದಲ್ಲೇ ಇರುವುದಿಲ್ಲ. ಅಲೀಲ್‌ಗಳ, ಅಂದರೆ ಒಂದೇ ಜೀನ್ ಜಾಗದ ಬೇರೆ ಬೇರೆ ರೂಪಗಳ, ಪ್ರಮಾಣ ಅಷ್ಟರಲ್ಲಿ ಸರಿದಿರುತ್ತದೆ. ಇನ್ನೊಂದು ಎಚ್ಚರ: ಎಲೆಯ ಬುಡದ ಒರೆಯನ್ನು ಬಿಟ್ಟು ಮೇಲಿನ ಹಾಳೆಯನ್ನಷ್ಟೇ ತೆಗೆದುಕೊಳ್ಳಿ. ಎಪಿಕ್ಲೋಯಿ ಎಂಬ ಒಳಜೀವಿ ಶಿಲೀಂಧ್ರ ಹೆಚ್ಚಾಗಿ ಒರೆಯಲ್ಲೇ ಮನೆ ಮಾಡಿರುತ್ತದೆ. ಅದರ ಡಿಎನ್‌ಎ ರೀಡ್‌ಗಳನ್ನು ತಿನ್ನುತ್ತದೆ ಎನ್ನುವುದು ಸಣ್ಣ ತೊಂದರೆ. ಕೆಲವು ಕುಟುಂಬಗಳಲ್ಲಿ ಶಿಲೀಂಧ್ರವಿದ್ದು ಕೆಲವದರಲ್ಲಿ ಇಲ್ಲದಿದ್ದರೆ, ಶಿಲೀಂಧ್ರದಿಂದ ಬಂದ ಇಳುವರಿ ವ್ಯತ್ಯಾಸವನ್ನು ಹುಲ್ಲಿನ ಜೀನ್ ಖಾತೆಗೆ ಬರೆದುಬಿಡುತ್ತೇವೆ. ಅದು ದೊಡ್ಡ ತೊಂದರೆ.

ಡಿಎನ್‌ಎಯನ್ನು ಪ್ರತಿದೀಪ್ತಿ ವಿಧಾನದಲ್ಲೇ ಅಳೆಯಿರಿ. ಬೆಳಕಿನ ಹೀರಿಕೆಯಿಂದ ಅಳೆಯುವ ನ್ಯಾನೋಡ್ರಾಪ್ ಯಂತ್ರ ಆರ್‌ಎನ್‌ಎಯನ್ನೂ ಕೂಡಿಸಿ ಹೆಚ್ಚು ತೋರಿಸುತ್ತದೆ. ಅದರ 260/230 ಅನುಪಾತ ಮಾತ್ರ ನೋಡಲು ಯೋಗ್ಯ. ಅದು ಕಡಿಮೆಯಿದ್ದರೆ ಹುಲ್ಲಿನ ಪಾಲಿಸ್ಯಾಕರೈಡ್‌ನಂಥ ಕಲ್ಮಶ ಉಳಿದಿದೆ ಎಂದು ಶಂಕಿಸಬೇಕು, ಕತ್ತರಿಸುವ ಎನ್ಜೈಮ್ ಅರೆಬರೆ ಕೆಲಸ ಮಾಡುತ್ತದೆ. ಪ್ಲೇಟಿನ ಕೆಲವು ಮಾದರಿಗಳನ್ನು ಹಿಂಡ್‌ಥ್ರೀ ಎನ್ಜೈಮಿನಿಂದ ಕತ್ತರಿಸಿ ಜೆಲ್‌ನಲ್ಲಿ ಓಡಿಸಿ ನೋಡಿದರೆ ಓದುವ ಯಂತ್ರದ ಒಂದು ಲೇನಿನ ಖರ್ಚು ಉಳಿಯಬಹುದು.

2011ರಲ್ಲಿ ಬಂದ ಜಿಬಿಎಸ್ (ಎನ್ಜೈಮಿನಿಂದ ಕತ್ತರಿಸಿ ಜೀನೋಮಿನ ಆಯ್ದ ತುಣುಕುಗಳನ್ನಷ್ಟೇ ಓದುವ) ವಿಧಾನದಲ್ಲಿ ಮಾದರಿಗೆ 100 ನ್ಯಾನೋಗ್ರಾಂ ಡಿಎನ್‌ಎ ಸಾಕು. ಏಪ್‌ಕೆಒನ್ ಎನ್ಜೈಮ್ 75 ಡಿಗ್ರಿಯಲ್ಲಿ ಎರಡು ಗಂಟೆ; ಆಮೇಲೆ ಮಾದರಿಯ ಗುರುತು ಹೊತ್ತ ಬಾರ್‌ಕೋಡ್ ಅಡಾಪ್ಟರ್ ಜೋಡಣೆ, ಎಲ್ಲವನ್ನೂ ಒಂದೇ ಟ್ಯೂಬಿಗೆ ಸೇರಿಸುವುದು, 18 ಸುತ್ತು ಪಿಸಿಆರ್. ಅಡಾಪ್ಟರ್ ಪ್ರಮಾಣವನ್ನು ಪ್ರತಿ ಜಾತಿಗೂ ಹೊಸದಾಗಿ ಹೊಂದಿಸಬೇಕು. ಹೆಚ್ಚಾದರೆ ಅಡಾಪ್ಟರ್‌ಗಳು ತಮ್ಮತಮ್ಮಲ್ಲೇ ಅಂಟಿಕೊಂಡು ತುಣುಕಿನ ಉದ್ದ ಅಳೆಯುವ ಬಯೋಅನಲೈಸರ್‌ನಲ್ಲಿ 120–130 ಬೇಸ್ ಹತ್ತಿರ ಚೂಪು ಶಿಖರ ಏಳುತ್ತದೆ, ದುಡ್ಡು ಕೊಟ್ಟ ರೀಡ್‌ಗಳು ಅಲ್ಲೇ ಸೋರಿಹೋಗುತ್ತವೆ. ಪ್ಲೇಟಿನಲ್ಲಿ ಒಂದು ಗುಳಿ ಖಾಲಿ ಇರಲಿ. ಕೆಲವು ಕುಟುಂಬಗಳನ್ನು ಎರಡೆರಡು ಗುಳಿಗಳಲ್ಲಿ ಹಾಕಿ. ಈ ಜೋಡಿಗಳು ಮುಂದೆ ಬೇಕಾಗುತ್ತವೆ.

ಈಗ ವಿಷಯದ ಹೂರಣ. ಕುಟುಂಬದ ಮಿಶ್ರಣಕ್ಕೆ ಜೀನೋಟೈಪ್ (ಒಂದು ಗಿಡದ ನಿಶ್ಚಿತ ಅಲೀಲ್ ಜೋಡಿ) ಎಂಬುದಿಲ್ಲ, ಅಲೀಲ್ ಪ್ರಮಾಣ ಮಾತ್ರ ಇದೆ. ಒಂದು ಜಾಗದಲ್ಲಿ 5 ರೀಡ್ ಬಂದು 3ರಲ್ಲಿ ಒಂದು ಅಲೀಲ್ ಕಂಡರೆ ಪ್ರಮಾಣ 0.6 ಎಂದು ಬರೆದುಕೊಳ್ಳುತ್ತೇವೆ. ನಿಜವಾದ ಪ್ರಮಾಣ 0.4 ಇದ್ದರೂ 5ರಲ್ಲಿ 3 ಬರುವುದು ಅಪರೂಪವೇನಲ್ಲ. ಈ ಗದ್ದಲ ಜಾಗದಿಂದ ಜಾಗಕ್ಕೆ ಸ್ವತಂತ್ರ, ಕುಟುಂಬದಿಂದ ಕುಟುಂಬಕ್ಕೂ ಸ್ವತಂತ್ರ. ಆದ್ದರಿಂದ ಯಾವ ಕುಟುಂಬ ಯಾವುದಕ್ಕೆ ಎಷ್ಟು ಹತ್ತಿರ ಎಂದು ತೋರಿಸುವ ಸಂಬಂಧ ಮ್ಯಾಟ್ರಿಕ್ಸ್ ಕಟ್ಟುವಾಗ ಎರಡು ಬೇರೆ ಕುಟುಂಬಗಳ ನಡುವಿನ ಅಂಕಿಗೆ ಏನೂ ಆಗುವುದಿಲ್ಲ. ಸಾವಿರಾರು ಜಾಗಗಳ ಮೇಲೆ ಗದ್ದಲ ತಾನೇ ರದ್ದಾಗುತ್ತದೆ. ಕರ್ಣದಲ್ಲಿ ಮಾತ್ರ ಕುಟುಂಬವನ್ನು ಅದರಿಂದಲೇ ಗುಣಿಸುತ್ತೇವೆ, ಗದ್ದಲ ವರ್ಗವಾಗಿ ಕೂಡಿಕೊಳ್ಳುತ್ತದೆ, ಎಷ್ಟು ಲಕ್ಷ ಜಾಗ ಸೇರಿಸಿದರೂ ಕರಗುವುದಿಲ್ಲ.

ಎಷ್ಟು ಎಂಬುದನ್ನು ಕಾಗದದ ಮೇಲೆಯೇ ತೆಗೆಯಬಹುದು. ಪ್ರಮಾಣದ ಎರಡರಷ್ಟನ್ನು ಡೋಸೇಜ್ ಎಂದು ಹಿಡಿದು, ವ್ಯಾನ್‌ರಾಡೆನ್ ರೀತಿಯಲ್ಲಿ (ಪ್ರತಿ ಜಾಗದ ಸರಾಸರಿ ಪ್ರಮಾಣವನ್ನು ‘ಒಂದು ಕಳೆ ಪ್ರಮಾಣ’ದಿಂದ ಗುಣಿಸಿ, ಎರಡರಷ್ಟು ಮಾಡಿ ಕೂಡಿದ ಮೊತ್ತದಿಂದ) ಭಾಗಿಸಿದರೆ ಪೂರ್ಣ ಸಹೋದರ ಕುಟುಂಬದ ಕರ್ಣ 0.5 ಇರಬೇಕು. ರೀಡ್ ಆಳ, ಅಂದರೆ ಒಂದು ಜಾಗಕ್ಕೆ ಬಂದ ರೀಡ್‌ಗಳ ಸಂಖ್ಯೆ, ‘ಕೆ’ ಆದರೆ ಅದಕ್ಕೆ ಕೂಡಿಕೊಳ್ಳುವ ಸುಳ್ಳು ಅಂಶ ಸರಿಸುಮಾರು 1.5 ಭಾಗಿಸು ಕೆ. ಆಳ 20 ಇದ್ದರೆ 0.075, ಸಹಿಸಬಹುದು. ಆಳ 5 ಇದ್ದರೆ 0.3, ಅಂದರೆ 0.5 ಇರಬೇಕಾದಲ್ಲಿ 0.8. ಪುನರಾವರ್ತಿತ ತಾಕುಗಳಿರುವ ಪ್ರಯೋಗದಲ್ಲಿ ಕುಟುಂಬಗಳ ನಡುವಿನ ನಿಜವಾದ ವೇರಿಯನ್ಸ್ ಎಷ್ಟೆಂದು ತಾಕುಗಳೇ ಹೇಳಿಬಿಡುತ್ತವೆ. ಕರ್ಣ ಉಬ್ಬಿದ್ದರಿಂದ ಅಂಕಿಅಂಶದ ಮಾದರಿಯು ತಳಿ ವೇರಿಯನ್ಸನ್ನು ಕುಗ್ಗಿಸಿ ಹೊಂದಿಸಿಕೊಳ್ಳುತ್ತದೆ. ಕುಟುಂಬಗಳು ಪರಸ್ಪರ ದೂರದವಾದರೆ ಅದು 0.5 ಭಾಗಿಸು 0.8ರಷ್ಟಕ್ಕೆ, ಸುಮಾರು 63 ಶೇಕಡಾಕ್ಕೆ ಇಳಿಯುತ್ತದೆ. ಹುಲ್ಲಿನಲ್ಲಿ ಗುಣವಿದ್ದರೂ ಅದು ಇರುವುದಕ್ಕಿಂತ ಕಡಿಮೆ ಎಂದು ಲೆಕ್ಕ ಹೇಳುತ್ತದೆ. ಇದಕ್ಕೆ ಹೋಲಿಸಿದರೆ 100 ಸಸಿಗಳನ್ನಷ್ಟೇ ಆರಿಸಿದ್ದರಿಂದ ಕೂಡುವ 0.0075 ಲೆಕ್ಕಕ್ಕೇ ಬಾರದು. ಸಸಿ ಹೆಚ್ಚಿಸಲು ಒದ್ದಾಡುವವರು ಆಳದ ಬಗ್ಗೆ ಸುಮ್ಮನಿರುವುದು ವಿಚಿತ್ರ.

ತಿದ್ದುಪಡಿ ಕಷ್ಟದ್ದಲ್ಲ. ಪ್ರತಿ ಕುಟುಂಬ, ಪ್ರತಿ ಜಾಗದಲ್ಲಿ ಕಂಡ ಪ್ರಮಾಣವನ್ನು ಒಂದರಲ್ಲಿ ಕಳೆದು, ಅದೇ ಪ್ರಮಾಣದಿಂದ ಗುಣಿಸಿ, ‘ಕೆ ಕಳೆ ಒಂದು’ರಿಂದ ಭಾಗಿಸಿ, ಅದರ ನಾಲ್ಕರಷ್ಟನ್ನು, ವ್ಯಾನ್‌ರಾಡೆನ್ ರೀತಿಯಲ್ಲಿ ಭಾಗಿಸುವ ಮೊದಲೇ, ಕರ್ಣದ ಮೊತ್ತದಿಂದ ಕಳೆಯಿರಿ. ಕೆ ಅಲ್ಲ, ಕೆ ಕಳೆ ಒಂದು: ಕಡಿಮೆ ರೀಡ್‌ಗಳಲ್ಲಿ ಕಂಡ ಪ್ರಮಾಣದಿಂದ ವೇರಿಯನ್ಸ್ ತೆಗೆದರೆ ಅದೇ ಕಡಿಮೆ ಬರುತ್ತದೆ. ಒಂದೇ ರೀಡ್ ಇರುವ ಜಾಗವನ್ನು ಆ ಕುಟುಂಬದ ಕರ್ಣದಿಂದ ಬಿಡಬೇಕು, ಕರ್ಣದ ಹೊರಗಿನ ಲೆಕ್ಕಕ್ಕೆ ಅದು ಧಾರಾಳವಾಗಿ ಇರಲಿ. ಸರಾಸರಿ ಆಳವನ್ನು ಸೂತ್ರಕ್ಕೆ ಹಾಕುವುದು ಸಾಮಾನ್ಯ ತಪ್ಪು. ಬೇಕಾದದ್ದು ಒಂದು ಭಾಗಿಸು ಕೆಯ ಸರಾಸರಿ. ಅರ್ಧ ಜಾಗಗಳಲ್ಲಿ ಆಳ 2, ಉಳಿದರ್ಧದಲ್ಲಿ 18 ಇದ್ದರೆ ಸರಾಸರಿ 10. ಆದರೆ ಗದ್ದಲ 3.6 ಆಳದ್ದು.

ಒಂಟಿ ಗಿಡದ ಡಿಎನ್‌ಎ ಓದುವವರಿಗೂ ಇದೇ ಕಾಯಿಲೆ, ರೂಪ ಬೇರೆ. ಎರಡು ಬಗೆಯ ಅಲೀಲ್ ಇರುವ ಗಿಡದಲ್ಲಿ 2 ರೀಡ್ ಬಂದರೆ ಅರ್ಧದಷ್ಟು ಸಲ ಒಂದೇ ಬಗೆ ಕಾಣುತ್ತದೆ, 4 ರೀಡ್ ಬಂದರೆ ಎಂಟರಲ್ಲಿ ಒಂದು ಸಲ. ನ್ಯೂಜಿಲೆಂಡಿನ ಆಗ್‌ರಿಸರ್ಚ್‌ನಿಂದ 2015ರಲ್ಲಿ ಬಂದ, ರೀಡ್‌ಗಳಿಂದ ಸಂಬಂಧ ಲೆಕ್ಕ ಹಾಕುವ ಕೆಜಿಡಿ ವಿಧಾನ ಅಲ್ಲಿಯೂ ಕರ್ಣಕ್ಕೆ ಆಳದ ಪ್ರಕಾರ ಪ್ರತ್ಯೇಕ ತಿದ್ದುಪಡಿ ಕೊಡುತ್ತದೆ.

ತಿದ್ದಿದ್ದು ಸರಿಯೇ ಎಂದು ಹೇಳುವವು ಆ ಜೋಡಿ ಗುಳಿಗಳು. ಒಂದೇ ಕುಟುಂಬದ ಎರಡು ಗುಳಿಗಳ ನಡುವಿನ ಅಂಕಿ ಕರ್ಣದ ಹೊರಗಿನದು, ಆದ್ದರಿಂದ ಗದ್ದಲವಿಲ್ಲದ್ದು. ತಿದ್ದಿದ ಕರ್ಣ ಅದಕ್ಕೆ ಸಮನಾಗಬೇಕು. ಆಮೇಲೂ ಕರ್ಣ ಮೇಲೆಯೇ ಇದ್ದರೆ ಬಹುಪಾಲು ಪಿಸಿಆರ್ ಕಾರಣ. ಒಂದೇ ತುಣುಕಿನ ಹತ್ತು ನಕಲುಗಳು ಹತ್ತು ಸ್ವತಂತ್ರ ಸಾಕ್ಷಿಗಳಲ್ಲ, ನಿಜವಾದ ಆಳ ಎಣಿಸಿದ್ದಕ್ಕಿಂತ ಕಡಿಮೆ. ಕತ್ತರಿಸುವ ಜಾಗದಲ್ಲೇ ರೂಪಾಂತರವಿದ್ದು ಒಂದು ಅಲೀಲ್ ಎಂದೂ ಓದಿಗೆ ಸಿಗದಿರುವುದು ಇನ್ನೊಂದು ದೋಷ. ಎರಡು ಗುಳಿಗಳಲ್ಲೂ ಅದು ಒಂದೇ ರೀತಿ ತಪ್ಪುವುದರಿಂದ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಆಳ ವಿಪರೀತ ಹೆಚ್ಚಿರುವ ಜಾಗಗಳನ್ನೂ ತೆಗೆದುಹಾಕಿ, ಅಲ್ಲಿ ಜೀನೋಮಿನ ಎರಡು ಮೂರು ಕಡೆಯ ಪುನರಾವರ್ತಿತ ಭಾಗಗಳು ಒಂದರ ಮೇಲೊಂದು ಕೂತಿರುತ್ತವೆ. ಕರ್ಣ ಇಳಿಸಿದ ಮೇಲೆ ಮ್ಯಾಟ್ರಿಕ್ಸ್ ವಿಲೋಮವಾಗಲು ಹಟ ಮಾಡಬಹುದು, ಕರ್ಣಕ್ಕೆ 0.01 ಸೇರಿಸಿದರೆ ಸಾಮಾನ್ಯವಾಗಿ ಸಾಕು.

ಅಂಕಿಅಂಶದ ಮಾದರಿಯಲ್ಲಿ ಈ ಮ್ಯಾಟ್ರಿಕ್ಸಿನ ಜೊತೆಗೆ, ಮಾರ್ಕರ್‌ಗಳು (ಮೇಲೆ ಓದಿದ ಡಿಎನ್‌ಎ ಜಾಗಗಳು) ಹಿಡಿಯದ ಕುಟುಂಬ ಪರಿಣಾಮ, ಕುಟುಂಬ–ಸ್ಥಳ ಪರಿಣಾಮ ಎರಡನ್ನೂ ಇಡಿ. ಸ್ಥಳದ ಪರಿಣಾಮ ಬಿಟ್ಟರೆ ಅದು ತಳಿ ಗುಣದ ವೇಷ ಹಾಕಿಕೊಂಡು ಬರುತ್ತದೆ. ಉದಾಹರಣೆಗೆ ಕುಟುಂಬದ ವೇರಿಯನ್ಸ್ 1, ಕುಟುಂಬ–ಸ್ಥಳದ್ದು 1, ತಾಕಿನ ಉಳಿಕೆ 4 ಎನ್ನೋಣ. ಒಂದು ತಾಕಿನ ಮಟ್ಟದಲ್ಲಿ ಅನುವಂಶೀಯತೆ 0.17. ಎರಡು ಸ್ಥಳ, ಎರಡೆರಡು ತಾಕಿನ ಸರಾಸರಿಗೆ 0.40, ಅದೇ ನಾಲ್ಕು ತಾಕುಗಳನ್ನು ನಾಲ್ಕು ಸ್ಥಳಕ್ಕೆ ಹಂಚಿದರೆ 0.44. ವರದಿ ಬರೆಯುವಾಗ ಕರ್ಣ 0.5 ಇದ್ದರೆ ಬಂದ ವೇರಿಯನ್ಸ್ ಒಂಟಿ ಗಿಡದ ಮಟ್ಟದ್ದು. ಕುಟುಂಬದ್ದು ಬೇಕಾದರೆ ಅರ್ಧ ಮಾಡಬೇಕು. ಮ್ಯಾಟ್ರಿಕ್ಸನ್ನು ಕರ್ಣ 1 ಆಗುವಂತೆ ಮೊದಲೇ ಹಿಗ್ಗಿಸಿದ್ದರೆ ಅರ್ಧ ಮಾಡಬಾರದು. ಒಂದೇ ದತ್ತಾಂಶದಿಂದ ಇಬ್ಬರು ದುಪ್ಪಟ್ಟು ಅಂತರದ ಉತ್ತರ ತರುವುದು ಹೀಗೆ.

ಹೀಗೆ ಸಿಕ್ಕ ಅಂಕಿಯನ್ನು ಇನ್ನೊಂದು ತಳಿ ಸಮೂಹಕ್ಕೆ ಹೊತ್ತೊಯ್ಯುವಂತಿಲ್ಲ. ರೈಗ್ರಾಸ್‌ನಲ್ಲಿ ಅಕ್ಕಪಕ್ಕದ ಜೀನ್ ಜಾಗಗಳ ನಂಟು ಬಹಳ ಬೇಗ ಕಡಿದುಹೋಗುತ್ತದೆ. ಮಾರ್ಕರ್‌ಗಳು ಹಿಡಿಯುವುದು ಹೆಚ್ಚಾಗಿ ಕುಟುಂಬಗಳ ನೆಂಟಸ್ತನವನ್ನು, ಗುಣದ ಜೀನನ್ನಲ್ಲ.

ನಮ್ಮ ಕಡೆಯ ಹೈಬ್ರಿಡ್ ನೇಪಿಯರ್‌ಗೆ ಇದೇ ಸೂತ್ರ ಹಾಕಲು ಹೊರಡುವವರಿಗೆ ಒಂದು ಮಾತು. ಸಜ್ಜೆ ಮತ್ತು ನೇಪಿಯರ್ ಕೂಡಿ ಹುಟ್ಟಿದ ಅದು 21 ಕ್ರೋಮೋಸೋಮಿನ ತ್ರಿಗುಣಿತ, ಬೀಜ ಕಟ್ಟುವುದಿಲ್ಲ, ಗಿಣ್ಣಿನ ತುಂಡು ನೆಟ್ಟೇ ಬೆಳೆಸುವುದು. ಅಲ್ಲಿ ಕುಟುಂಬದ ಮಿಶ್ರಣವೇ ಬೇಡ, ಒಂದು ತಳಿ ಒಂದೇ ಜೀನೋಟೈಪ್. ತುಂಡಿನೊಡನೆ ಪ್ರಾಬಲ್ಯದ (ಒಂದು ಅಲೀಲ್ ಜೊತೆಯದನ್ನು ಮರೆಮಾಡುವ) ಪರಿಣಾಮವೂ ದಾಟುವುದರಿಂದ ನೋಡಬೇಕಾದದ್ದು ಎಲ್ಲ ಬಗೆಯ ಜೀನ್ ಪರಿಣಾಮಗಳನ್ನೂ ಎಣಿಸುವ ವಿಶಾಲಾರ್ಥದ ಅನುವಂಶೀಯತೆ. ಸಜ್ಜೆಯ ಎ ಜೀನೋಮ್ ಮತ್ತು ನೇಪಿಯರಿನ ಅದಕ್ಕೆ ಹತ್ತಿರದ ಜೀನೋಮ್‌ಗಳ ರೀಡ್‌ಗಳು ಒಂದೇ ಜಾಗದಲ್ಲಿ ಬಂದು ಕೂರುತ್ತವೆ. ಮೂರು ಪ್ರತಿಗಳಲ್ಲಿ ಒಂದೋ ಎರಡೋ ಎಂದು ಬೇರ್ಪಡಿಸಲು 10 ರೀಡ್ ಸಾಲದು: ಒಂದಾದರೆ 3–4, ಎರಡಾದರೆ 6–7 ನಿರೀಕ್ಷೆ, ಬಂದದ್ದು 5 ಆದರೆ ಯಾವ ಕಡೆಗೂ ತೀರ್ಪು ಕೊಡಲಾಗದು.