ನೀರು ತುಂಬುವ ಹಬ್ಬದ ದಿನ

2016ರ ದೀಪಾವಳಿ. ನಮ್ಮ ಕಡೆ ಹಬ್ಬ ಶುರುವಾಗುವುದೇ ನೀರು ತುಂಬುವುದರಿಂದ. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕೊರಳಿಗೆ ಹಿಂಡಲೆ ಬಳ್ಳಿ ಸುತ್ತಿ, ಬಾವಿಯಿಂದ ನೀರು ಸೇದಿ ತುಂಬುತ್ತಾರೆ. ಮರುದಿನ ಬೆಳಗಿನ ಜಾವ ಎಣ್ಣೆಸ್ನಾನ. ಆ ವರ್ಷ ನೀರು ಸೇದುವ ಕೆಲಸ ಮಗಳದ್ದು. ಜಗಲಿಯ ಪಕ್ಕದ ಕೋಣೆಯಲ್ಲಿ ಮಲಗಿದ್ದ ನನಗೆ ರಾಟೆಯ ಕಿರ್‍ರ್ ಸದ್ದು ಕೇಳುತ್ತಿತ್ತು. ಅವಳು ಏಳನೆಯದೋ ಎಂಟನೆಯದೋ ಕೊಡ ಹೊತ್ತು ಹೋಗುವಾಗ ನನ್ನ ತಲೆ ಸಿಡಿಯತೊಡಗಿತು.

ತಲೆನೋವು ಎಂದರೆ ಎಲ್ಲರಿಗೂ ಬರುವ ಜಾತಿಯದ್ದಲ್ಲ. ಎರಡು ಕಿವಿಗಳ ನಡುವೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ. ಮುಖದಿಂದ ಬೆವರು ಇಳಿದು ದಿಂಬು ಒದ್ದೆ. ಮೂಗು ಕಟ್ಟಿತು. ತೋಳಿನ ರೋಮವೆಲ್ಲ ನೆಟ್ಟಗೆ ನಿಂತಿತು. ಒಳಗೆ ಬಂದ ಹೆಂಡತಿ ಸವಿತಾ ಬಾಗಿಲಲ್ಲೇ ನಿಂತಳು. “ಮುಖ ಎಂತಕ್ಕೆ ಹೀಗೆ ಕೆಂಪಾಗಿದೆ ರೀ?” ಹೊದಿಕೆ ಸರಿಸಿದರೆ ಎದೆಯಿಂದ ಕೆಳಗೆ ಮೈ ಬಿಳುಚಿಕೊಂಡು ತಣ್ಣಗಿತ್ತು. ಒಬ್ಬನೇ ಮನುಷ್ಯನಿಗೆ ಎರಡು ಮೈ ಅಂಟಿಸಿದಂತೆ ಕಾಣುತ್ತಿತ್ತಂತೆ.

ನಾನು ಮಂಚಕ್ಕೆ ಬಿದ್ದು ಆಗ ನಾಲ್ಕೂವರೆ ತಿಂಗಳು. ಜೂನಿನಲ್ಲಿ, ಮಳೆ ಹಿಡಿಯುವ ಮುಂಚೆ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಬೇಕಿತ್ತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಕದಡಿ ಇಟ್ಟಾಗಿತ್ತು. ಔಷಧಿ ಹೊಡೆಯುವವನು ಬರಲಿಲ್ಲ. ಕದಡಿದ್ದನ್ನು ಮರುದಿನಕ್ಕೆ ಇಡುವಂತಿಲ್ಲ, ನಾನೇ ಹತ್ತಿದೆ. ಚಿಕ್ಕಂದಿನಿಂದ ಹತ್ತಿದವನೇ. ಮೂವತ್ತು ಅಡಿಯಾದರೂ ಇತ್ತು. ಮರ ನಡುವಿಗೇ ಮುರಿಯಿತು. ಒಳಗೆ ಟೊಳ್ಳಾಗಿದ್ದು ಆಮೇಲೆ ಗೊತ್ತಾಯಿತು. ಬಿದ್ದಾಗ ನೋವಾಗಲಿಲ್ಲ. ಕಾಲು ಎಲ್ಲಿವೆ ಎಂದು ಹುಡುಕಿದ್ದು ಮಾತ್ರ ನೆನಪಿದೆ. ಓಡಿಬಂದವರು ಪಾಪ, ಎತ್ತಿ ಓಮ್ನಿಯ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಹೊರಟರು. ಬೆನ್ನುಮೂಳೆ ಮುರಿದವನನ್ನು ಹಲಗೆಯ ಮೇಲೆ ಅಲುಗಿಸದೆ ಒಯ್ಯಬೇಕೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಎದೆ ಭಾಗದ 5ನೇ ಕಶೇರುಕ, ಅಂದರೆ ಬೆನ್ನುಮೂಳೆಯ ಮಣಿ, ಪುಡಿಯಾಗಿತ್ತು. ರಾಡು, ಸ್ಕ್ರೂ ಹಾಕಿ ನಿಲ್ಲಿಸಿದರು. ಆಪರೇಷನ್ ಆದರೆ ನಡೆಯುತ್ತೇನೆ ಎಂದು ಮನೆಯವರೆಲ್ಲ ತಿಳಿದಿದ್ದರು. ಅದು ಮೂಳೆ ನಿಲ್ಲಿಸುವ ಆಪರೇಷನ್, ಒಳಗಿನ ನರದ ಬಳ್ಳಿಯನ್ನು ಸೇರಿಸುವುದಲ್ಲ ಎಂದು ಬಿಡಿಸಿ ಹೇಳಿದವರಿಲ್ಲ. ಇಪ್ಪತ್ತು ದಿನಕ್ಕೆ ಮನೆಗೆ ಕಳಿಸಿದರು, ಮೂತ್ರಕ್ಕೆ ಒಂದು ಪೈಪು, ಒಂದು ಬ್ಯಾಗು, ಒಂದು ಚೀಟಿ ಮಾತ್ರೆ ಕೊಟ್ಟು.

ಮನೆಗೆ ಬಂದ ಮೇಲಿನ ದಿನಗಳನ್ನು ಈಗ ನೆನೆದರೆ ನಗು ಬರುತ್ತದೆ, ಎಲ್ಲದಕ್ಕೂ ಅಲ್ಲ. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಮ್ಮ ಹೊದಿಕೆ ಎಳೆಯುತ್ತಿದ್ದಂತೆ ನನ್ನ ಬಲಗಾಲು ಪಟಕ್ಕನೆ ಮಡಚಿಕೊಂಡಿತು. “ಕಾಲು ಅಲ್ಲಾಡ್ತು! ಕಾಲು ಅಲ್ಲಾಡ್ತು!” ಅಮ್ಮ ಅಂಗಳಕ್ಕೆ ಓಡಿ ಕೂಗಿದಳು. ಸಿಗಂದೂರಿಗೆ ಹರಕೆ ಹೊತ್ತಾಯಿತು. ಪಕ್ಕದ ಮನೆಯವರು ಬಂದು ನೋಡಿದರು, ಅವರೆದುರಿಗೂ ಕಾಲು ಅಲ್ಲಾಡಿತು. ನಾನು ಅಲ್ಲಾಡಿಸಿರಲಿಲ್ಲ. ಪೆಟ್ಟಾದ ಮೊದಲ ವಾರಗಳಲ್ಲಿ ಸತ್ತಂತೆ ಬಿದ್ದಿರುವ ಬೆನ್ನುಹುರಿ, ಆಮೇಲೆ ಮಿದುಳಿನ ಅಪ್ಪಣೆ ಇಲ್ಲದೆ ತನ್ನಷ್ಟಕ್ಕೆ ಕೆಲಸ ಶುರುಮಾಡುತ್ತದೆ. ಅದಕ್ಕೆ ಸ್ಪಾಸಂ ಎನ್ನುತ್ತಾರೆ. ಇದು ತಿಳಿದದ್ದು ಬಹಳ ಕಾಲದ ಮೇಲೆ. ಅಷ್ಟರೊಳಗೆ ಒಬ್ಬ ನಾಟಿ ವೈದ್ಯರನ್ನು ಕರೆಸಿ ಕಾಲಿಗೆ ಎಣ್ಣೆ ತಿಕ್ಕಿಸಿ, ಬಿಸಿ ಶಾಖ ಕೊಡಿಸಿಯಾಗಿತ್ತು. ಬಿಸಿ ಎಷ್ಟಿದೆ ಎಂದು ನನ್ನ ಕೇಳಿದರೆ ನಾನೇನು ಹೇಳಲಿ? ಸಂಜೆಗೆ ಮೊಣಕಾಲಿನಿಂದ ಪಾದದವರೆಗೆ ಬೊಬ್ಬೆ.

ಹುಣ್ಣು ಪತ್ತೆಯಾದದ್ದು ವಾಸನೆಯಿಂದ. ಸೊಂಟದ ಹಿಂದೆ, ಬಾಲದ ಮೂಳೆಯ ಮೇಲೆ. ಆಸ್ಪತ್ರೆಯಿಂದ ಬರುವಾಗ ಅಲ್ಲಿ ನಾಲ್ಕಾಣೆ ಅಗಲದ ಕೆಂಪು ಇತ್ತಂತೆ, ಸವಿತಾ ಅದಕ್ಕೆ ಪೌಡರ್ ಹಾಕುತ್ತಿದ್ದಳು. ಮೈಭಾರ ಒಂದೇ ಕಡೆ ಬಿದ್ದರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ. ಆರೋಗ್ಯವಂತ ಮನುಷ್ಯ ನಿದ್ದೆಯಲ್ಲೂ ನೋವಾಗಿ ಮಗ್ಗುಲು ಬದಲಿಸುತ್ತಾನೆ. ನನಗೆ ನೋವೇ ಇಲ್ಲ. ಚರ್ಮದ ಮೇಲೆ ಕಾಣುವ ಬಾಯಿ ಚಿಕ್ಕದು, ಒಳಗೆ ಸವಿತಾಳ ಮುಷ್ಟಿ ಹಿಡಿಯುವಷ್ಟು ಗವಿ. ಆಮೇಲೆ ಅವಳು ಮೊಬೈಲಿನಲ್ಲಿ ಎರಡು ಗಂಟೆಗೊಂದು ಅಲಾರಾಂ ಇಟ್ಟಳು. ಎದ್ದು ನನ್ನ ಮಗ್ಗುಲು ಬದಲಿಸಿ, ಕಾಲುಗಳ ನಡುವೆ ದಿಂಬಿಟ್ಟು, ಮತ್ತೆ ಮಲಗುತ್ತಿದ್ದಳು. ಆ ವರ್ಷ ಅವಳು ನಿದ್ದೆ ಮಾಡಿದ್ದು ಯಾವಾಗ ಎಂದು ನಾನು ಇವತ್ತಿಗೂ ಕೇಳಿಲ್ಲ.

ಹಬ್ಬದ ದಿನಕ್ಕೆ ವಾಪಸು ಬರುತ್ತೇನೆ. ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೊರಟೆವು. ಆಂಬುಲೆನ್ಸಿನಲ್ಲಿ ಅಂಗಾತ ಮಲಗಿಸಿದ್ದರು. ಮಂಡಗದ್ದೆ ದಾಟುವಾಗ ಕಣ್ಣು ಮಂಜಾಯಿತು. ಸತ್ತರೆ ನಾಳೆ ಎಣ್ಣೆಸ್ನಾನ ಮಾಡಿಸುವುದು ನನ್ನ ಹೆಣಕ್ಕೇ ಎಂದು ಯೋಚಿಸಿದ್ದೂ ನಿಜ, ಅಂಥ ಹೊತ್ತಲ್ಲಿ ತಲೆಗೆ ಏನೇನೋ ಬರುತ್ತದೆ.

ಬಿ.ಪಿ. 190/110. ನನ್ನದು ಬಿದ್ದ ಮೇಲೆ ಯಾವಾಗಲೂ 100ರ ಆಸುಪಾಸು. ಎದೆ ಮಟ್ಟದಲ್ಲಿ ಹುರಿ ಕಡಿದವರಿಗೆ ಅದೇ ಸಹಜ. ಆದರೆ ನಾಡಿ ನಿಧಾನ, 50ರ ಹತ್ತಿರ. “ಮೊದಲಿಂದ ಬಿ.ಪಿ. ಇದೆಯಾ? ಮಾತ್ರೆ ಬಿಟ್ಟಿದ್ದೀರಾ?” ಎಂದು ಡ್ಯೂಟಿಯಲ್ಲಿದ್ದ ಡಾಕ್ಟರು ಕೇಳಿದರು. ಹುಡುಗ, ಹಬ್ಬದ ದಿನ ಒಬ್ಬನೇ. ಬೆನ್ನುಹುರಿಯ ವಿಷಯ ಸವಿತಾ ಎರಡು ಸಲ ಹೇಳಿದಳು. ತಲೆಯ ಸ್ಕ್ಯಾನ್ ಬರೆದರು. ಅಂಗಾತವೇ ಇಟ್ಟು, ಒಂದು ಇಂಜೆಕ್ಷನ್, ಒಂದು ಮಾತ್ರೆ. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಮತ್ತೊಂದು ಮಾತ್ರೆ. ಬಿ.ಪಿ. ಜಗ್ಗಲಿಲ್ಲ.

ಸಂಜೆ ಐದಕ್ಕೋ ಏನೋ, ವಾರ್ಡಿನ ಆಯಾ ಒಬ್ಬರು ಬಕೆಟ್ ಹಿಡಿದು ಮಂಚದಿಂದ ಮಂಚಕ್ಕೆ ಬ್ಯಾಗ್ ಖಾಲಿ ಮಾಡುತ್ತ ಬಂದರು. ನನ್ನದರ ಮುಂದೆ ಕೂತು ಎತ್ತಿ ನೋಡಿದರು.

“ಇದನ್ನ ಯಾರು ಖಾಲಿ ಮಾಡಿದ್ದು?”

“ಯಾರೂ ಇಲ್ಲ, ಬೆಳಿಗ್ಗೆಯಿಂದ” ಎಂದಳು ಸವಿತಾ.

“ಹಂಗಾದ್ರೆ ಉಚ್ಚೆ ಎಲ್ಲೋಯ್ತು ಅಕ್ಕಾ?”

ಆಯಾ ನರ್ಸನ್ನು ಕರೆದರು, ನರ್ಸ್ ಡಾಕ್ಟರನ್ನು ಕರೆದರು. ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿದರೆ ತೆಂಗಿನಕಾಯಿ ಇಟ್ಟಷ್ಟು ಗಟ್ಟಿ. ಹಳೆಯ ಪೈಪು ತೆಗೆದಾಗ ಅದರ ತುದಿಯಲ್ಲಿ ಬಿಳಿ ಗಸಿ ಗಟ್ಟಿಯಾಗಿ ಕಟ್ಟಿತ್ತು, ಬಿಸಿನೀರಿನ ಕಾಯಿಲ್‌ಗೆ ಸುಣ್ಣ ಕಟ್ಟುವ ಹಾಗೆ. ಅದನ್ನು ಹಾಕಿ ಎಷ್ಟು ದಿನವಾಯಿತು ಎಂದರು. ಎರಡು ತಿಂಗಳ ಮೇಲಾಗಿತ್ತು. ಬದಲಿಸಬೇಕೆಂದು ನಮಗೆ ಗೊತ್ತಿರಲಿಲ್ಲ. ಹೊಸ ಪೈಪು ಹಾಕಿದ ಕೂಡಲೇ 900 ಮಿಲಿಲೀಟರ್ ಬಂತು. ಆರೋಗ್ಯವಂತರಿಗೆ ನಾನೂರಾಗುವಾಗಲೇ ಎದ್ದು ಹೋಗೋಣ ಎನ್ನಿಸುತ್ತದೆ. ಬ್ಯಾಗು ತುಂಬುತ್ತಿದ್ದಂತೆ ತಲೆಯೊಳಗಿನ ಸುತ್ತಿಗೆ ನಿಂತಿತು, ಯಾರೋ ಸ್ವಿಚ್ ಆರಿಸಿದ ಹಾಗೆ. ಆಗ ಮೊದಲು ನುಂಗಿದ ಮಾತ್ರೆಗಳು ತಮ್ಮ ಕೆಲಸ ತೋರಿಸಿ ಬಿ.ಪಿ. 80ಕ್ಕೆ ಇಳಿದು ನಾನು ಎಚ್ಚರ ತಪ್ಪಿದೆ, ಅದು ಬೇರೆ ಕಥೆ. ಊರಿಗೆಲ್ಲ ಹಂಡೆ ತುಂಬುವ ಹಬ್ಬ, ನನಗೆ ಖಾಲಿ ಮಾಡುವ ಹಬ್ಬ ಎಂದು ಸವಿತಾ ಆಮೇಲೆ ತಮಾಷೆ ಮಾಡಿದಳು. ಅವತ್ತು ರಾತ್ರಿ ಮಾಡಲಿಲ್ಲ. ಅವತ್ತು ರಾತ್ರಿ ಕಾರಿಡಾರಿನಲ್ಲಿ ಅತ್ತಳು.

ಇದಕ್ಕೊಂದು ಹೆಸರಿದೆ ಎಂದು ಗೊತ್ತಾದದ್ದು ಮುಂದಿನ ಜನವರಿಯಲ್ಲಿ, ವೆಲ್ಲೂರಿನ ಪುನರ್ವಸತಿ ಕೇಂದ್ರದಲ್ಲಿ. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ನಾಲಿಗೆ ತಿರುಗಲು ಒಂದು ವಾರ ಬೇಕಾಯಿತು. ಎದೆಯ 6ನೇ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರುವಂಥದ್ದು. ನಾನು ಅದನ್ನು ತೋಟದ ಲೆಕ್ಕದಲ್ಲಿ ಅರ್ಥಮಾಡಿಕೊಂಡಿದ್ದೇನೆ. ಕೆಳಗೆ ಏನೋ ತೊಂದರೆಯಾಯಿತು, ಮೂತ್ರ ತುಂಬಿತು ಅನ್ನಿ. ಆಗ ಕೆಳಗಿನ ತೋಟದ ವಾಲ್ವುಗಳೆಲ್ಲ, ಅಂದರೆ ರಕ್ತನಾಳಗಳೆಲ್ಲ, ಬಿಗಿಯುತ್ತವೆ. ಮೇನ್ ಪೈಪಿನಲ್ಲಿ ಪ್ರೆಶರ್ ಏರುತ್ತದೆ. ಮಿದುಳಿಗೆ ಪ್ರೆಶರ್ ಏರಿದ್ದು ಗೊತ್ತಾಗುತ್ತದೆ, ವಾಲ್ವ್ ಸಡಿಲಿಸಿ ಎಂದು ಕೂಗುತ್ತದೆ, ಆದರೆ ನಡುವೆ ತಂತಿ ಕಡಿದಿದೆ. ಕೈಗೆ ಸಿಗುವ ಮೋಟಾರನ್ನಷ್ಟೇ ಅದು ನಿಧಾನ ಮಾಡಬಲ್ಲದು, ಅದಕ್ಕೇ ನಾಡಿ 50. ಮೇಲಿನ ಅರ್ಧ ಮೈ ಕೆಂಪೇರಿ ಬೆವರುತ್ತದೆ. ಮಾಡಬೇಕಾದದ್ದು ಸುಲಭ: ನೆಟ್ಟಗೆ ಕೂರಿಸು, ಬಿಗಿಬಟ್ಟೆ ಸಡಿಲಿಸು, ಪೈಪು ನೋಡು. ಅದು ಸರಿಯಿದ್ದರೆ ಮಲ ಕಟ್ಟಿದೆಯೇ ನೋಡು. ಆಮೇಲೆ ಗಾಯ, ಹುಣ್ಣು, ಒಳಕ್ಕೆ ಬೆಳೆದ ಉಗುರು. ಕಾರಣ ತೆಗೆದರೆ ಪ್ರೆಶರ್ ತಾನೇ ಇಳಿಯುತ್ತದೆ. ತೆಗೆಯದಿದ್ದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸಾಯಬಹುದು. ಆ ಆಂಬುಲೆನ್ಸಿನಲ್ಲಿ ನನ್ನನ್ನು ಕೂರಿಸಿದ್ದರೂ ಅರ್ಧ ನೋವು ಕಮ್ಮಿಯಾಗುತ್ತಿತ್ತೇನೋ.

ವೆಲ್ಲೂರಿನ ಆ ಪುನರ್ವಸತಿ ಕೇಂದ್ರ 1966ರಷ್ಟು ಹಳೆಯದು. ಕಟ್ಟಿದ ಡಾಕ್ಟರ್ ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈ ಆಪರೇಷನ್ ಮಾಡುತ್ತಿದ್ದರಂತೆ. ಅದಕ್ಕೇ ಇರಬೇಕು, ಅಲ್ಲಿ ಯಾರೂ ನನ್ನ ಕಂಡು ‘ಅಯ್ಯೋ’ ಎನ್ನಲಿಲ್ಲ. ಊರಲ್ಲಿ ಏಳು ತಿಂಗಳು ಅದೊಂದೇ ಕೇಳಿದ್ದೆ.

ಹೋಗುವಾಗ ನನಗೆ ನಡೆಯುವ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಮೊದಲ ದಿನ ಕೂರಿಸಿದಾಗಲೇ ಕಣ್ಣು ಕತ್ತಲೆ ಬಂತು; ತಿಂಗಳುಗಟ್ಟಲೆ ಮಲಗಿದ ಮೈಗೆ ಕೂರುವುದೇ ಬೆಟ್ಟ. ಹೊಟ್ಟೆಗೆ ಪಟ್ಟಿ ಬಿಗಿದು, ಓರೆ ಹಲಗೆಗೆ ಕಟ್ಟಿ ದಿನಕ್ಕಿಷ್ಟು ಡಿಗ್ರಿ ಎಂದು ನಿಲ್ಲಿಸುತ್ತ ಬಂದರು. ಆಮೇಲೆ ಚಾಪೆಯ ಮೇಲೆ ಹೊರಳುವುದು, ಎದ್ದು ಕೂರುವುದು, ಮಂಚದಿಂದ ಕುರ್ಚಿಗೆ ಜಾರುವುದು. ಕೃಷ್ಣಗಿರಿ ಕಡೆಯ ಹುಡುಗನೊಬ್ಬ ಪಕ್ಕದ ಚಾಪೆಯಲ್ಲಿದ್ದ, ತೆಂಗಿನಮರದಿಂದ ಬಿದ್ದವನು. “ಅಣ್ಣಾ, ಅಡಿಕೆಮರ ಸಣ್ಣದಲ್ವಾ, ಅದರಿಂದ ಹೇಗೆ ಬಿದ್ರಿ?” ಎಂದು ಗಡಿನಾಡಿನ ಕನ್ನಡದಲ್ಲಿ ಕಾಲೆಳೆಯುತ್ತಿದ್ದ. ನನ್ನ ಕಾಲು ಎಳೆದರೂ ನನಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದೆ.

ಕೈಯ ಬಲ ಬಂದದ್ದಕ್ಕಿಂತ ದೊಡ್ಡದು ಮೂತ್ರದ ಪಾಠ. ಯಾವಾಗಲೂ ಒಳಗಿರುವ ಪೈಪು ತೆಗೆದರು. ನಾಲ್ಕು ಗಂಟೆಗೊಮ್ಮೆ ನಾನೇ ಕೈತೊಳೆದು, ತೆಳುವಾದ ಪೈಪು ಹಾಕಿ, ಖಾಲಿ ಮಾಡಿ ತೆಗೆಯಬೇಕು. ಮೊದಲ ಸಲ ಕೈ ನಡುಗಿತು. ಸವಿತಾ ಮುಖ ತಿರುಗಿಸಿ ನಿಂತಳು, ಅವಳಿಗೆ ನಾಚಿಕೆಯಲ್ಲ, ಹೆದರಿಕೆ. ಬೆಳಗಿನ ಕಕ್ಕಸಿಗೆ ಒಂದು ಗಂಟೆ, ಗ್ಲೌಸು, ಗುದಕ್ಕಿಡುವ ಮಾತ್ರೆ. ಇದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬರೆಯದೆ ಬಿಟ್ಟವರಿಂದಲೇ ನಮಗೆ ಏನೂ ಗೊತ್ತಿರಲಿಲ್ಲ. ಕೋಲಿಗೆ ಕಟ್ಟಿದ ಕನ್ನಡಿಯಲ್ಲಿ ದಿನಾ ರಾತ್ರಿ ಬೆನ್ನು, ಪೃಷ್ಠ, ಹಿಮ್ಮಡಿ ನೋಡಿಕೊಳ್ಳಬೇಕು. ಕುರ್ಚಿಯಲ್ಲಿ ಕೂತಾಗ ಕಾಲುಗಂಟೆಗೊಮ್ಮೆ ಕೈಯೂರಿ ಮೈ ಎತ್ತಬೇಕು. ಉರಿಮೂತ್ರ ಬಂದರೆ ನನಗೆ ಉರಿಯುವುದಿಲ್ಲ, ಕಾಲು ಎಂದಿಗಿಂತ ಜೋರಾಗಿ ಜಗ್ಗುತ್ತದೆ. ಹಾಗೆ ಅಡ್ಡದಾರಿಯಿಂದ ಬರುವ ಸುದ್ದಿ ಓದಲು ಕಲಿತೆ.

ಮೂರು ತಿಂಗಳಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಕಟ್ಟುವ ಆಧಾರಪಟ್ಟಿ ತೊಟ್ಟು, ಎರಡೂ ಬದಿಯ ಕಂಬಿ ಹಿಡಿದು ಎಂಟು ಹೆಜ್ಜೆ ಹಾಕಿದೆ. ಫೋಟೋ ಇದೆ. ಆ ಕ್ಯಾಲಿಪರ್ ಈಗ ಅಟ್ಟದಲ್ಲಿದೆ. ಕುರ್ಚಿ ವೇಗ, ಅದೇ ಸಾಕು ಎನ್ನಿಸಿತು. ಜಗಲಿಯ ಮೆಟ್ಟಿಲಿಗೆ ಸಿಮೆಂಟಿನ ಇಳಿಜಾರು ಬಂತು, ಬಚ್ಚಲಿನ ಬಾಗಿಲು ಅಗಲವಾಯಿತು. ಅಡಿಕೆ ಗೊನೆ ಇಳಿಸಲು ಈಗ ನೆಲದಲ್ಲೇ ನಿಂತು ಉದ್ದನೆಯ ದೋಟಿ ಹಿಡಿಯುವವರನ್ನಷ್ಟೇ ಕರೆಯುತ್ತೇನೆ. ಕೂಲಿ ಜಾಸ್ತಿ. ಕೊಡುತ್ತೇನೆ.

ಕಳೆದ ಸುಗ್ಗಿಯಲ್ಲಿ ಅಂಗಳದಲ್ಲಿ ಅಡಿಕೆ ಆರಿಸುತ್ತ ಕೂತಿದ್ದೆ. ಮಧ್ಯಾಹ್ನ ಹನ್ನೊಂದೂವರೆಗೆ ಹಣೆಯಲ್ಲಿ ಬೆವರು, ಮೂಗು ಕಟ್ಟಿತು, ತಲೆಯಲ್ಲಿ ಹಳೇ ಸುತ್ತಿಗೆಯ ಮೊದಲ ಪೆಟ್ಟು. ಸವಿತಾಳಿಗೆ ಹೇಳುವುದೇ ಬೇಡ. ಮಷಿನ್ ತಂದು ಕಟ್ಟಿದಳು: 148. ಒಳಗೆ ಕರೆದೊಯ್ದು ಪೈಪು ಹಾಕಿಸಿದಳು, 200 ಕೂಡ ಬರಲಿಲ್ಲ. ಹೊಟ್ಟೆ ಬೆಳಿಗ್ಗೆಯೇ ಸರಿಯಾಗಿತ್ತು. ಉಗುರು ನೋಡಿದಳು. ಲುಂಗಿಯ ಗಂಟು ಸಡಿಲಿಸಿದಳು. ಆಮೇಲೆ ನನ್ನ ಎಡತೊಡೆ ಎತ್ತಿ ಕೆಳಗೆ ಕೈಯಾಡಿಸಿ ಒಂದು ಗೋಟಡಿಕೆ ತೆಗೆದಳು. ಎಷ್ಟು ಹೊತ್ತಿನಿಂದ ಅದರ ಮೇಲೆ ಕೂತಿದ್ದೆನೋ, ಚರ್ಮದಲ್ಲಿ ಕೆಂಪಗೆ ಗುಂಡಿ ಬಿದ್ದಿತ್ತು.

ಐದು ನಿಮಿಷದಲ್ಲಿ 110. ಆ ಅಡಿಕೆಯನ್ನು ಸವಿತಾ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. “ಒಳ್ಳೇದಿದೆ ಕಣ್ರೀ” ಎಂದು ಅಂಗಳದ ರಾಶಿಗೆ ಎಸೆದಳು.