ಬಿಚ್ಚಿದ ಪಾರ್ಟು ವಾಪಸ್ ಯಾಕೆ ಕೂರಲ್ಲ?

ನನ್ನ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಬಿಎಸ್‌ಎ ಎಂ20 ಅನ್ನುವ ಬ್ರಿಟಿಷ್ ಬೈಕು ಇದೆ. ಹಾಗಾಗಿ ತುಮಕೂರಿನಲ್ಲಿ ಹಳೇ ಬೈಕು ಕಟ್ಟುವ ಹುಡುಗರೆಲ್ಲ ನನ್ನನ್ನು ಕೇಳುವುದು ಒಂದೇ. "ಅಣ್ಣಾ, ಬಿಚ್ಚಿದ್ದೂ ನಾವೇ, ಪಾರ್ಟೂ ಅವೇ. ಜೋಡಿಸುವಾಗ ಯಾಕೆ ಕೂರ್ತಿಲ್ಲ?"

ಮೊದಲನೆಯದಾಗಿ, ಅವೆಲ್ಲ ಒಂದೇ ಗಾಡಿಯ ಪಾರ್ಟು ಅಲ್ಲದೇ ಇರಬಹುದು. 496 ಸಿಸಿಯ ಈ ಗಾಡಿ ಯುದ್ಧಕ್ಕಾಗಿ ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಸೈನ್ಯದ ವರ್ಕ್‌ಶಾಪಿನಲ್ಲಿ ಒಂದರ ಇಂಜಿನ್ ಇನ್ನೊಂದರ ಫ್ರೇಮಿಗೆ ಹೋಗುತ್ತಿತ್ತು. ಆಮೇಲೆ ನಮ್ಮ ಕಡೆಯ ಮೆಕ್ಯಾನಿಕ್ಕುಗಳು ತೂತು ದೊಡ್ಡದು ಮಾಡಿ, ವೆಲ್ಡಿಂಗ್ ಹಾಕಿ ಓಡಿಸಿದರು. ಸೊಟ್ಟಗಾದ ಫ್ರೇಮನ್ನು ಬೋಲ್ಟುಗಳು ಎಳೆದು ಹಿಡಿದಿರುತ್ತವೆ. ಬಿಚ್ಚಿದ ಕೂಡಲೇ ಅದು ತನ್ನ ಸೊಟ್ಟಕ್ಕೆ ಹೋಗಿಬಿಡುತ್ತದೆ.

ಜಾಸ್ತಿ ಹಾಳಾಗುವುದು ಮಾತ್ರ ಬೋಲ್ಟಿನಿಂದ. 5/16 ಇಂಚಿನ ಬೋಲ್ಟನ್ನೇ ನೋಡಿ. ಬಿಎಸ್ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಅನ್ನುವ ಹಳೇ ಅಳತೆ) ಆದರೆ ಇಂಚಿಗೆ 22 ಥ್ರೆಡ್, ಸೈಕಲ್ ಥ್ರೆಡ್ (ಇನ್ನೊಂದು ಹಳೇ ಬ್ರಿಟಿಷ್ ಅಳತೆ) ಆದರೆ 26. ಈ ಗಾಡಿಯಲ್ಲಿ ಎರಡೂ ಇವೆ. ಅಂಗಡಿಯಲ್ಲಿ ಕೊಡುವ 8 ಎಂಎಂ ಬೋಲ್ಟಿಗೆ ಇಂಚಿಗೆ ಸುಮಾರು 20. ದಪ್ಪ ಹೆಚ್ಚುಕಮ್ಮಿ ಒಂದೇ, 5/16 ಅಂದರೆ 7.94 ಎಂಎಂ. ಹಾಗಾಗಿ ಕೈಯಲ್ಲೇ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. "ಸ್ವಲ್ಪ ಟೈಟಿದೆ" ಅಂತ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ಡೇ ಪುಡಿಯಾಗಿ ಬೋಲ್ಟಿನ ಜೊತೆ ಹೊರಗೆ ಬರುತ್ತದೆ. ದಯವಿಟ್ಟು ಒಂದು ಥ್ರೆಡ್ ಗೇಜ್ (ಬೇರೆ ಬೇರೆ ಥ್ರೆಡ್ಡಿನ ಹಲ್ಲಿರುವ ತಗಡುಗಳ ಕಟ್ಟು) ಇಟ್ಟುಕೊಳ್ಳಿ. ಬೋಲ್ಟಿಗೆ ಒತ್ತಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಆ ಅಳತೆ ಅಲ್ಲ. ಸರಿಯಾದ ಬೋಲ್ಟ್ ಸಿಗದಿದ್ದರೆ ಲೇತಿನವರ ಹತ್ತಿರ ಹೋಗಿ, ಹಳೆಯದನ್ನೇ ತೋರಿಸಿ ಮಾಡಿಸಿಕೊಳ್ಳಿ.

ಇನ್ನು ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಸಿಂಪಡಿಸಿ ಬಿಸಿಯಲ್ಲಿ ಬೇಯಿಸುವುದು. ನೋಡೋಕೆ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಒಂದು ಮುಖಕ್ಕೆ 60ರಿಂದ 100 ಮೈಕ್ರಾನ್ ಕೂರುತ್ತದೆ. ಇಂಜಿನ್ ಪ್ಲೇಟ್, ಫ್ರೇಮು ಅಂತ ನಾಲ್ಕು ಮುಖ ಸೇರಿದರೆ ಹೆಚ್ಚುಕಮ್ಮಿ ಎಂಎಂನ ಮೂರನೇ ಒಂದು ಭಾಗ! ಮೊದಲು ಜಾರಿಕೊಂಡು ಕೂರುತ್ತಿದ್ದ ಇಂಜಿನ್ ಈಗ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆ ಬೇಡ. ಎರಡು ಪಾರ್ಟು ಸೇರುವ ಜಾಗದ ಕೋಟಿಂಗನ್ನು ಲೋಹ ಕಾಣುವವರೆಗೆ ಕೆರೆದು ತೆಗೆಯಿರಿ. ಲೈಟಿಗೆ ಅರ್ಥಿಂಗೂ ಸಿಗುತ್ತದೆ.

ಅದಕ್ಕೇ ಬಣ್ಣಕ್ಕೆ ಕೊಡುವ ಮೊದಲು ಇಡೀ ಗಾಡಿಯನ್ನು ಒಮ್ಮೆ ಹಾಗೇ ಕಟ್ಟಿ ನೋಡಿ ಅನ್ನುತ್ತೇನೆ. ಮಡ್‌ಗಾರ್ಡ್, ಕ್ಯಾರಿಯರ್, ಪಕ್ಕದ ಬ್ಯಾಗಿನ ಫ್ರೇಮು, ಎಲ್ಲಾ. ಹೊಸದಾಗಿ ತರಿಸಿದ ಮಡ್‌ಗಾರ್ಡಿಗೆ ಚಕ್ರ, ಚೈನು ಕೂರುವ ತನಕ ತೂತು ಕೊರೆಯಬೇಡಿ.

ಯಾವ ಬೋಲ್ಟನ್ನೂ ಮೊದಲೇ ಬಿಗಿ ಮಾಡಬೇಡಿ. ಎಲ್ಲವೂ ಕೈಯಲ್ಲಿ ಕೂತ ಮೇಲೆ ಸ್ಪ್ಯಾನರ್ ಹಿಡಿಯಿರಿ. ಎಂ20ಯಲ್ಲಿ ಪ್ರೈಮರಿ ಚೈನ್ (ಇಂಜಿನ್ನಿಂದ ಗೇರ್‌ಬಾಕ್ಸಿಗೆ ಹೋಗುವುದು) ಅಡ್ಜಸ್ಟ್ ಮಾಡಲು ಗೇರ್‌ಬಾಕ್ಸನ್ನೇ ಸರಿಸಬೇಕು. ಅದು ಸರಿದರೆ ಹಿಂದಿನ ಚಕ್ರದ ಚೈನಿನ ಬಿಗಿಯೂ ಬದಲಾಗುತ್ತದೆ. ಆದ್ದರಿಂದ ಪ್ರೈಮರಿ ಮೊದಲು, ಹಿಂದಿನದು ಆಮೇಲೆ.